ಗಾಲ್ವೇ: ಪಕ್ಕದ ಮನೆ ಅಜ್ಜಿಯ ಪಾತ್ರೆ ಖಾಲಿ ಕೊಡೋ ಹಾಗಿಲ್ಲ, ಏನು ಹಾಕಿ ಕೊಡಲಿ?

ತುಂಗೆಯ ದಡ
ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಚಿಕ್ಕದು, ಹಿಂದಿನ ಕಥೆ ಸ್ವಲ್ಪ ಉದ್ದ.

ನಾನು ತೀರ್ಥಹಳ್ಳಿಯವಳು. 2024ರ ಸೆಪ್ಟೆಂಬರ್‌ನಲ್ಲಿ ಎಂಎಸ್ಸಿ ಮಾಡಲು ಐರ್ಲೆಂಡಿನ ಗಾಲ್ವೇಗೆ ಬಂದೆ. ಓದು ಮುಗಿಯಿತು. ಡಬ್ಲಿನ್‌ನಲ್ಲಿ ಕೆಲಸ ಸಿಕ್ಕಿದೆ. ಮುಂದಿನ ಶನಿವಾರ ಮನೆ ಖಾಲಿ ಮಾಡಬೇಕು. ಇವತ್ತು ಅಡುಗೆಮನೆ ಸಾಮಾನು ಕಟ್ಟುವಾಗ ಸಿಂಕಿನ ಕೆಳಗಿನ ಕಪಾಟಿನಿಂದ ಒಂದು ಕೆಂಪು ಬೀಡುಕಬ್ಬಿಣದ ಪಾತ್ರೆ ಹೊರಗೆ ಬಂತು. ಪಕ್ಕದ ಮನೆ ಅಜ್ಜಿಯದು. ಜನವರಿಯಿಂದ ನಮ್ಮಲ್ಲೇ ಇದೆ!

2025ರ ಜನವರಿ 24ರ ಬಿರುಗಾಳಿ ಇಲ್ಲಿರುವವರಿಗೆಲ್ಲ ನೆನಪಿರುತ್ತದೆ. ಅದಕ್ಕೆ ಎಯೋವಿನ್ ಅಂತ ಹೆಸರಿಟ್ಟಿದ್ದರು. ಇಡೀ ದೇಶಕ್ಕೆ ರೆಡ್ ವಾರ್ನಿಂಗ್. ನಮ್ಮ ಕೌಂಟಿಯ ಮೇಸ್ ಹೆಡ್‌ನಲ್ಲಿ ಗಾಳಿ ಗಂಟೆಗೆ 183 ಕಿಲೋಮೀಟರ್ ಬೀಸಿ 1945ರ ದಾಖಲೆಯನ್ನೇ ಮುರಿಯಿತು. ಮಲೆನಾಡಿನ ಮಳೆ ಗಾಳಿ ನೋಡಿ ಬೆಳೆದವಳು ನಾನು, ಇದೇನು ಮಹಾ ಅಂದುಕೊಂಡು ಮಲಗಿದ್ದೆ. ಬೆಳಗಿನ ಜಾವ ಮನೆಯೇ ಉಸಿರು ಎಳೆದು ಬಿಟ್ಟ ಹಾಗೆ ಆಗುತ್ತಿತ್ತು. ನಾವು ಮೂರೂ ಜನ ಹುಡುಗಿಯರು ಮೆಟ್ಟಿಲ ಕೆಳಗೆ ದಿಂಬು ಹಿಡಿದು ಕೂತಿದ್ದೆವು.

ಗಾಳಿ ನಿಂತ ಮೇಲೆ ನಿಜವಾದ ಕಷ್ಟ ಶುರುವಾಯಿತು. ದೇಶದಲ್ಲಿ 7,68,000 ಕಡೆ ಕರೆಂಟ್ ಹೋಗಿತ್ತು, ಅದರಲ್ಲಿ ನಮ್ಮದೂ ಒಂದು. ಒಲೆ ಕರೆಂಟಿನದು, ಹೀಟಿಂಗ್ ಓಡಲೂ ಕರೆಂಟ್ ಬೇಕು. ನಲ್ಲಿಯಲ್ಲಿ ನೀರು ನಿಂತಿತು, ಫೋನಿನ ಸಿಗ್ನಲ್ಲೂ ಹೋಯಿತು. ಶನಿವಾರ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ತೆಗೆದರೆ ಪಕ್ಕದ ಮನೆ ಅಜ್ಜಿ, ಎಂಬತ್ತರ ಹತ್ತಿರದವರು, ತಲೆಗೆ ಉಣ್ಣೆ ಟೋಪಿ. ಅದುವರೆಗೆ ಬೇಲಿ ಆಚೆಯಿಂದ “ಎಂಥಾ ಮಳೆ ಅಲ್ವಾ” ಅನ್ನುವುದು ಬಿಟ್ಟರೆ ನಮಗೂ ಅವರಿಗೂ ಮಾತಿರಲಿಲ್ಲ.

ಅವರು “ನಿಮಗೆ ಸಹಾಯ ಬೇಕಾ” ಅಂತ ಕೇಳಲಿಲ್ಲ. ಅವರು ಹೇಳಿದ್ದು ಇಷ್ಟು: “ನನಗೊಬ್ಬಳಿಗೆ ಇಷ್ಟು ದೊಡ್ಡ ಬೆಂಕಿ ಸುಮ್ನೆ ದಂಡ. ಬಂದು ಕೂತ್ಕೊಳ್ಳಿ, ನನಗೂ ಜೊತೆಯಾಗುತ್ತದೆ.” ಉಪಕಾರ ನಾವು ಅವರಿಗೆ ಮಾಡುತ್ತಿರುವ ಹಾಗೆ!

ಅವರ ಮನೆಯಲ್ಲಿ ಟರ್ಫ್ ಹಾಕಿ ಉರಿಸುವ ಹಳೇ ಒಲೆ. ಟರ್ಫ್ ಅಂದರೆ ಜೌಗು ನೆಲದಿಂದ ಇಟ್ಟಿಗೆ ಥರ ಕಡಿದು ಒಣಗಿಸಿದ ಮಣ್ಣು, ಅದರ ಹೊಗೆಗೆ ಒಂದು ಬೇರೆಯೇ ವಾಸನೆ. ನನಗೆ ಅಜ್ಜಿಮನೆಯ ಬಚ್ಚಲೊಲೆ ನೆನಪಾಗಿ ಗಂಟಲು ಕಟ್ಟಿತು. ಐದು ದಿನ ಹಗಲೆಲ್ಲ ಅಲ್ಲೇ ಇದ್ದೆವು. ಥೀಸಿಸ್ ಪ್ರಪೋಸಲ್ ಪೇಪರಿನ ಮೇಲೆ ಬರೆದೆ. ಅವರ ಮಗ ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದಾನೆ, ಮೊಮ್ಮಗಳನ್ನು ಒಂದು ಸಲ ಮಾತ್ರ ಎತ್ತಿಕೊಂಡಿದ್ದಾರಂತೆ. ನಾನು ತುಂಬಾ ಸಲ ಥ್ಯಾಂಕ್ಸ್ ಹೇಳಿದ್ದಕ್ಕೆ, “ಅಲ್ಲಿ ಅವನಿಗೂ ಯಾರೋ ಊಟ ಹಾಕಿರುತ್ತಾರೆ, ಬಿಡು” ಅಂದರು.

ರಾತ್ರಿ ಮನೆಗೆ ಹೊರಟಾಗ ಆ ಪಾತ್ರೆಯಲ್ಲಿ ಆಲೂಗಡ್ಡೆ, ಲೀಕ್ (ಈರುಳ್ಳಿ ಜಾತಿಯ ತರಕಾರಿ) ಹಾಕಿದ ಸೂಪ್ ಕೊಟ್ಟು ಕಳಿಸಿದರು. “ಮಾಂಸ ಇಲ್ಲ” ಅಂತ ಎರಡು ಸಲ ಹೇಳಿದರು. ಆಮೇಲೆ ನಾಲ್ಕು ಸಲ ಪಾತ್ರೆ ಕೊಡಲು ಹೋದೆ. “ಇರಲಿ ಬಿಡು, ಅವಸರ ಏನಿದೆ” ಅನ್ನುವುದೇ ಆಯಿತು. ಕೊನೆಗೆ ನಾನೂ ಮರೆತೆ.

ಈಗ ಕೊಡಲೇಬೇಕು. ಖಾಲಿ ಪಾತ್ರೆ ಕೊಟ್ಟರೆ ಅಮ್ಮ ಇಲ್ಲಿಗೇ ಬಂದು ಬೈತಾರೆ. ಇಷ್ಟಕ್ಕೆಲ್ಲ ಸಮ ಅನ್ನಿಸುವಂಥದ್ದು ಏನು ಹಾಕಿ ಕೊಡಲಿ?

ಹಪ್ಪಳ ಸಂಡಿಗೆ
ಶನಿವಾರ ರಾತ್ರಿ

ಮೊದಲು ಒಂದು ಕೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಆ ಸೂಪಿಗೆ ಚಿಕನ್ ಸ್ಟಾಕ್ ಹಾಕಿರಲಿಲ್ಲ ಅಂತ ಗ್ಯಾರಂಟಿನಾ? ಇವರಿಗೆ ತುಂಡು ಕಾಣದಿದ್ದರೆ ಅದು ಸಸ್ಯಾಹಾರ 😄

ತುಂಗೆಯ ದಡ
ಶನಿವಾರ ರಾತ್ರಿ

ಕೇಳುವ ಧೈರ್ಯ ಆಗಲಿಲ್ಲ. ಹೊಟ್ಟೆ ಹಸಿದಿತ್ತು, ಬಿಸಿ ಇತ್ತು, ಕುಡಿದೆ. ಅಮ್ಮನಿಗೆ ಹೇಳಬೇಡಿ.

ಕುಂದಾಪ್ರದ ಕುವರ
ಭಾನುವಾರ ಬೆಳಿಗ್ಗೆ

ಅಕ್ಕಿ ಪಾಯಸ ಮಾಡಿ. ಬೇರೆ ಏನೂ ಯೋಚನೆ ಮಾಡಬೇಡಿ. ಆ ವಯಸ್ಸಿನವರೆಲ್ಲ ರೈಸ್ ಪುಡಿಂಗ್ ತಿಂದೇ ಬೆಳೆದವರು, ಬಾಯಿಗೆ ಹೊಸದು ಅನ್ನಿಸುವುದಿಲ್ಲ. ಏಲಕ್ಕಿ ಒಂದೇ ಒಂದು ಹಾಕಿ, ಪಚ್ಚಕರ್ಪೂರ ಬೇಡವೇ ಬೇಡ. ನಮ್ಮ ಲ್ಯಾಬಿನಲ್ಲಿ ಒಬ್ಬರಿಗೆ ಅದು ಹಾಕಿದ ಲಾಡು ಕೊಟ್ಟಿದ್ದೆ, ನೆಗಡಿ ಔಷಧಿ ವಾಸನೆ ಅಂದುಬಿಟ್ಟರು.

ಕೆರ್ರಿಗೋಲ್ಡ್ ಬೆಣ್ಣೆ ಕಾಯಿಸಿ ತುಪ್ಪ ಮಾಡ್ಕೊಳ್ಳಿ. ಅದರ ಘಮ ನಮ್ಮೂರಲ್ಲೂ ಸಿಗಲ್ಲ ಅಂತ ಹೇಳಿದರೆ ನಮ್ಮಮ್ಮ ಒಪ್ಪುವುದಿಲ್ಲ, ಆದರೆ ಅದೇ ನಿಜ.

ಲೀ ನದಿ ಲಿಂಗಪ್ಪ
ಭಾನುವಾರ ಬೆಳಿಗ್ಗೆ

ತಂಗಿ, “ಸಮ ಅನ್ನಿಸುವಂಥದ್ದು” ಅಂತ ಬರೆದಿದ್ದೀಯ ನೋಡು, ಅಲ್ಲೇ ತಪ್ಪುತ್ತಿದ್ದೀಯ. ಅವರಿಗೆ ಲೆಕ್ಕ ಚುಕ್ತಾ ಮಾಡುವುದು ಇಷ್ಟ ಆಗಲ್ಲ. ಹಾಗಂತ ಲೆಕ್ಕ ಇಲ್ಲ ಅಂತಲೂ ಅಲ್ಲ. ಪಬ್ಬಿಗೆ ಹೋದಾಗ ಗಮನಿಸಿರಬಹುದು, ಒಬ್ಬೊಬ್ಬರು ಒಂದೊಂದು ರೌಂಡ್ ಕೊಡಿಸುತ್ತಾರೆ. ನಿನ್ನ ಸರದಿ ಬರುವ ಮುಂಚೆ ಜಾಗ ಖಾಲಿ ಮಾಡಿದರೆ ಯಾರೂ ಬಾಯಿ ಬಿಟ್ಟು ಹೇಳಲ್ಲ, ಆದರೆ ಯಾರೂ ಮರೆಯಲ್ಲ. ನಮ್ಮ ಮದುವೆ ಮನೆ ಮುಯ್ಯಿ ಇದ್ದ ಹಾಗೆ.

ಹಳ್ಳಿ ಕಡೆ ಇನ್ನೂ ಹಳೇ ಪದ್ಧತಿ ಒಂದಿದೆ, ಐರಿಷ್ ಭಾಷೆಯಲ್ಲಿ ಮೆಹೆಲ್ ಅಂತಾರೆ. ಒಬ್ಬನ ಹೊಲದ ಕೊಯ್ಲಿಗೆ ಸುತ್ತಲಿನವರೆಲ್ಲ ಬಂದು ಕೈ ಹಾಕುವುದು, ನಾಳೆ ಇನ್ನೊಬ್ಬನ ಹೊಲಕ್ಕೆ. ಕೇಳಿದ ತಕ್ಷಣ ನಾನು “ಅಯ್ಯೋ, ಇದು ನಮ್ಮ ಮುಯ್ಯಾಳು” ಅಂದೆ. ಹೆಸರು ಕೂಡ ‘ಮ’ದಿಂದಲೇ ಶುರು.

ನನ್ನದೂ ಒಂದು ಇದೆ. ಇದುವರೆಗೆ ಎಲ್ಲೂ ಬರೆದಿರಲಿಲ್ಲ.

2021ರ ಏಪ್ರಿಲ್ ಕೊನೆ. ನಾನು ಕಾರ್ಕ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಕೋವಿಡ್ ಎರಡನೇ ಅಲೆಯಲ್ಲಿ ಅಪ್ಪ ದಾವಣಗೆರೆಯಲ್ಲಿ ಹೋದರು. ಊರಿಗೆ ಹೋಗುವ ದಾರಿ ಇರಲಿಲ್ಲ. ಅಣ್ಣ ಪಿಪಿಇ ಕಿಟ್ ಹಾಕಿಕೊಂಡು ವಿಡಿಯೋ ಕಾಲ್‌ನಲ್ಲಿ ತೋರಿಸಿದ, ನಾನು ಇಲ್ಲಿ ಲ್ಯಾಪ್‌ಟಾಪ್ ಮುಂದೆ ಸ್ನಾನ ಮಾಡಿ ಕೂತಿದ್ದೆ. ಅಷ್ಟೇ.

ರೂಂಮೇಟ್ ಎದುರು ಮನೆಯವರಿಗೆ ಹೇಳಿರಬೇಕು. ಮಾರನೇ ದಿನ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಸಾಮಾನಿನ ಸಾಲು. ಫಾಯಿಲ್‌ನಲ್ಲಿ ಸುತ್ತಿದ ಮೊಟ್ಟೆ ಸ್ಯಾಂಡ್‌ವಿಚ್, ಎರಡು ಲೀಟರ್ ಹಾಲು, ಬ್ಯಾರೀಸ್ ಟೀ ಪ್ಯಾಕೆಟ್ಟು, ಆಪಲ್ ಟಾರ್ಟ್. ಇಲ್ಲಿ ಸಾವಿನ ಮನೆಗೆ ಇದನ್ನೆಲ್ಲ ಕಳಿಸುವುದು ವಾಡಿಕೆ, ಆ ಮನೆಯವರು ಒಲೆ ಹಚ್ಚಬಾರದು ಅಂತ. ನಮ್ಮಲ್ಲಿ ನೆಂಟರು ಅನ್ನ ಸಾರು ತಂದು ಕೊಡುವುದಿಲ್ವಾ, ಹಾಗೆ. ಜೊತೆಗೆ ಒಂದು ಮಾಸ್ ಕಾರ್ಡ್. ಸತ್ತವರ ಹೆಸರಲ್ಲಿ ಪಾದ್ರಿ ಚರ್ಚಿನಲ್ಲಿ ಪೂಜೆ ಮಾಡುತ್ತಾರೆ ಅಂತ ಅವರೇ ಸಹಿ ಮಾಡಿ ಕೊಡುವ ಕಾರ್ಡ್ ಅದು. ಅಪ್ಪನ ಹೆಸರಿನ ಕೊನೆಯ ‘ಪ್ಪ’ ಬಿಟ್ಟು ಹೋಗಿತ್ತು. ನಾನು ಯಾವತ್ತೋ ಒಂದು ಸಲ ಗೇಟಿನ ಹತ್ತಿರ ಅಪ್ಪನ ಹೆಸರು ಹೇಳಿದ್ದೆ. ಅದನ್ನು ನೆನಪಿಟ್ಟಿದ್ದರು.

ಅಪ್ಪ ಲಿಂಗಾಯತರು, ದಿನಾ ವಿಭೂತಿ ಹಚ್ಚಿಕೊಳ್ಳುತ್ತಿದ್ದವರು. ಅವರ ಹೆಸರು ಕಾರ್ಕ್‌ನ ಒಂದು ಚರ್ಚಿನಲ್ಲಿ ಓದಿದ್ದಾರೆ. ಯೋಚಿಸಿದರೆ ಈಗಲೂ ಒಂಥರಾ ಆಗುತ್ತದೆ.

ಆಗ ಯಾರೂ ಯಾರ ಮನೆಯೊಳಗೂ ಹೋಗುವ ಹಾಗಿರಲಿಲ್ಲ. ಸಂಜೆ ಎದುರು ಮನೆ ಅಜ್ಜ ತುಂತುರು ಮಳೆಯಲ್ಲಿ ಗೇಟಿನ ಆಚೆ ನಿಂತು, ಇವರು ಸಾವಿನ ಮನೆಯಲ್ಲಿ ಹೇಳುವ ಮಾತು ಹೇಳಿದರು: “ಸಾರಿ ಫಾರ್ ಯುವರ್ ಟ್ರಬಲ್.” ಆಮೇಲೆ ಹತ್ತು ನಿಮಿಷ ಹರ್ಲಿಂಗ್ ಆಟದ ಬಗ್ಗೆ ಮಾತಾಡಿದರು. ನನಗೆ ಬೇಕಿದ್ದೂ ಅದೇ.

ನಾನು ಅವರಿಗೆ ಇವತ್ತಿನವರೆಗೂ ಏನೂ ವಾಪಸ್ ಕೊಟ್ಟಿಲ್ಲ. ಏನಂತ ಕೊಡೋದು?

ಹಪ್ಪಳ ಸಂಡಿಗೆ
ಭಾನುವಾರ ಮಧ್ಯಾಹ್ನ

ಅಣ್ಣಾ, ಚಿಕನ್ ಸ್ಟಾಕ್ ಜೋಕ್ ಮಾಡಿದವಳು ನಾನೇ. ಇದನ್ನು ಓದಿ ಸುಮ್ಮನಾದೆ.

ಡಬ್ಲಿನ್ ದಾಸ
ಭಾನುವಾರ ಸಂಜೆ

ಕಥೆಗಳು ಚೆನ್ನಾಗಿವೆ, ಸುಳ್ಳು ಅಂತಲೂ ಹೇಳುತ್ತಿಲ್ಲ. ಆದರೆ ಊರಲ್ಲಿ ಕೂತು ಓದುವವರು ಐರ್ಲೆಂಡ್ ಅಂದರೆ ಬರೀ ಸೂಪ್ ಕೊಡುವ ಅಜ್ಜಿಯರು ಅಂದುಕೊಳ್ಳುವುದು ಬೇಡ.

2025ರ ಬೇಸಿಗೆಯಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಜುಲೈ 19ಕ್ಕೆ ಡಬ್ಲಿನ್‌ನ ಟಾಲಾ ಬಡಾವಣೆಯಲ್ಲಿ ನಮ್ಮ ದೇಶದವರೊಬ್ಬರ ಮೇಲೆ ಹುಡುಗರ ಗುಂಪು ಬಿತ್ತು. ಆಗಸ್ಟ್ 1ಕ್ಕೆ ನಮ್ಮ ರಾಯಭಾರ ಕಚೇರಿಯೇ ಹುಷಾರಾಗಿರಿ, ನಿರ್ಜನ ಜಾಗಕ್ಕೆ ಹೋಗಬೇಡಿ ಅಂತ ಸೂಚನೆ ಕೊಟ್ಟಿತು. ಫೀನಿಕ್ಸ್ ಪಾರ್ಕ್‌ನಲ್ಲಿ ನಡೆಯಬೇಕಿದ್ದ ಇಂಡಿಯಾ ಡೇ ಮುಂದಕ್ಕೆ ಹೋಯಿತು. ನನಗೆ ಆದದ್ದು ಅಷ್ಟು ದೊಡ್ಡದಲ್ಲ. ಕೆಲಸದಿಂದ ಬರುವಾಗ ಸೈಕಲ್ ಮೇಲೆ ಬಂದ ನಾಲ್ಕು ಪೋರರು ಮೊಟ್ಟೆ ಎಸೆದರು, ಒಂದು ಕಿವಿಗೆ ತಗಲಿತು. ಅದನ್ನು ಒರೆಸಿಕೊಂಡೇ ಲುವಾಸ್ (ಇಲ್ಲಿನ ಟ್ರಾಮ್) ಹತ್ತಿದೆ. ಇಪ್ಪತ್ತು ಜನ ಇದ್ದರು, ಎಲ್ಲರೂ ಫೋನ್ ನೋಡಿದರು. ಮೊಟ್ಟೆಗಿಂತ ನನಗೆ ನೋವಾದದ್ದು ಅದು.

ಇನ್ನು ಮನೆ. ಹನ್ನೊಂದು ವಾರ ಹುಡುಕಿದೆ. ಒಂದು ರೂಮು ನೋಡಲು ಹೋದರೆ ಬೀದಿ ತುಂಬಾ ಕ್ಯೂ. ಒಳ್ಳೆ ಮಾತಿಗೆ ಇಲ್ಲಿ ಬರ ಇಲ್ಲ, ಎಲ್ಲರೂ “ಗ್ರ್ಯಾಂಡ್, ಗ್ರ್ಯಾಂಡ್, ಖಂಡಿತ ತಿಳಿಸುತ್ತೀವಿ” ಅಂತಾರೆ. ಆಮೇಲೆ ಸುದ್ದಿ ಇಲ್ಲ. ನಗುಮುಖಕ್ಕೂ ಸಹಾಯಕ್ಕೂ ವ್ಯತ್ಯಾಸ ಇದೆ, ಅಲ್ವಾ?

ನೈಟ್ ಡ್ಯೂಟಿ ನಾಗವೇಣಿ
ಭಾನುವಾರ ರಾತ್ರಿ

ದಾಸ್ ಅವರೇ, ನಿಮಗಾದದ್ದು ಓದಿ ಬೇಜಾರಾಯಿತು. ನಾನೂ ಆಗಸ್ಟ್ ಪೂರ್ತಿ ಡ್ಯೂಟಿ ಮುಗಿಸಿ ಮನೆಗೆ ಬರಲು ಟ್ಯಾಕ್ಸಿಗೇ ಸುರಿದೆ. ಹೆದರಿದ್ದೆ, ಮುಚ್ಚಿಡುವುದೇನೂ ಇಲ್ಲ.

ಆದರೆ ಟಾಲಾ ವಿಷಯ ಅರ್ಧಕ್ಕೇ ನಿಲ್ಲಿಸಬೇಡಿ. ರಕ್ತ ಸುರಿಸಿಕೊಂಡು ನಿಂತಿದ್ದ ಆ ಮನುಷ್ಯನ ಹತ್ತಿರ ಕಾರು ನಿಲ್ಲಿಸಿ ಓಡಿ ಬಂದಿದ್ದು ಅಲ್ಲಿಯವರೇ ಆದ ಒಬ್ಬ ಹೆಂಗಸು. ಅವನ ಬಗ್ಗೆ ಆನ್‌ಲೈನ್‌ನಲ್ಲಿ ಸುಳ್ಳು ಹಬ್ಬಿಸಿದಾಗ ನಡೆದದ್ದು ಹೀಗೆ ಅಂತ ಮುಂದೆ ನಿಂತು ಹೇಳಿದ್ದೂ ಅವರೇ. ಆಮೇಲೆ ಟಾಲಾ ಜನ ಬೀದಿಗೆ ಬಂದು ಮೆರವಣಿಗೆ ಮಾಡಿದರು. ಆಗ ಅಧ್ಯಕ್ಷರಾಗಿದ್ದ ಮೈಕೆಲ್ ಡಿ. ಹಿಗ್ಗಿನ್ಸ್ ಅವರೂ ಹೇಳಿಕೆ ಕೊಟ್ಟು ಈ ಹಲ್ಲೆಗಳನ್ನು ಖಂಡಿಸಿದರು. ಹೊರದೇಶಗಳಿಗೆ ಹೋಗಿ ಬದುಕಿದ ಐರಿಷ್ ಜನರ ಹಿಂದಿನ ಕಥೆಯನ್ನೂ ಅದರಲ್ಲಿ ನೆನಪಿಸಿದರು.

ನಮ್ಮ ವಾರ್ಡಿನಲ್ಲಿ ಒಬ್ಬ ಮುದುಕ ಪೇಷಂಟ್ ಇದ್ದ, ಮಹಾ ಕೋಪಿಷ್ಠ. ಆ ವಾರ ಪ್ರತಿ ರಾತ್ರಿ ನನ್ನ ಕೈಗೆ ಒಂದು ಚಾಕೊಲೇಟ್ ಇಟ್ಟು “ಮನೆಗೆ ಯಾರ ಜೊತೆ ಹೋಗ್ತೀಯ” ಅಂತ ಕೇಳುತ್ತಿದ್ದ. ಹೇಳೋವರೆಗೂ ಬಿಡುತ್ತಿರಲಿಲ್ಲ.

ಡಬ್ಲಿನ್ ದಾಸ
ಭಾನುವಾರ ರಾತ್ರಿ

ಆ ಹೆಂಗಸಿನ ವಿಷಯ ಗೊತ್ತಿತ್ತು, ಬರೆಯಬೇಕಿತ್ತು. ಒಪ್ಪುತ್ತೇನೆ. ಆದರೂ ಅವತ್ತು ಲುವಾಸ್‌ನಲ್ಲಿ ಒಬ್ಬರಾದರೂ ಒಂದು ಟಿಶ್ಯೂ ಕೊಡಬಹುದಿತ್ತು.

ಮಲಪ್ರಭೆ
ಸೋಮವಾರ

ನಾನು ಬೆಳಗಾವಿಯವಳು. 2022ರಲ್ಲಿ ಗಾಲ್ವೇಗೆ ಓದಲು ಬಂದೆ. ನನ್ನ ಅನುಭವ ಒಳ್ಳೆಯದೋ ಕೆಟ್ಟದ್ದೋ ಅಂತ ಹೇಳಲು ನನಗೇ ಬರಲ್ಲ, ನೀವೇ ಓದಿ.

ಬಂದು ಮೂರು ವಾರ ಆಗಿತ್ತು. ಬಸ್ ಸ್ಟಾಪಿನಲ್ಲಿ ಪಕ್ಕ ಕೂತಿದ್ದ ಹೆಂಗಸು, ಅರವತ್ತು ದಾಟಿರಬಹುದು, ಎಲ್ಲಿಯವಳು ಅಂತ ಕೇಳಿದರು. ಇಂಡಿಯಾ ಅಂದೆ. ಇಂಡಿಯಾದಲ್ಲಿ ಎಲ್ಲಿ? ಕರ್ನಾಟಕ. ಕರ್ನಾಟಕದಲ್ಲಿ ಎಲ್ಲಿ? ಬೆಂಗಳೂರು ಬಿಟ್ಟು ಬೇರೆ ಊರು ಇಲ್ಲಿ ಯಾರಿಗೆ ಗೊತ್ತಿರುತ್ತದೆ ಅಂದುಕೊಂಡೇ ಬೆಳಗಾವಿ ಅಂದೆ, ಆಮೇಲೆ ಬೆಲ್‌ಗಾಂ ಅಂತ ಹಳೇ ಹೆಸರೂ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. “ಸವಿತಾ ಊರು” ಅಂದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸವಿತಾ ಹಾಲಪ್ಪನವರ್ ದಂತವೈದ್ಯೆ, ಅವರ ಅಪ್ಪ ಅಮ್ಮ ಬೆಳಗಾವಿಯಲ್ಲಿದ್ದರು. 2012ರ ಅಕ್ಟೋಬರ್ 28ಕ್ಕೆ ಗಾಲ್ವೇಯ ಆಸ್ಪತ್ರೆಯಲ್ಲಿ ಸೋಂಕು ಏರಿ ತೀರಿಕೊಂಡರು. 17 ವಾರದ ಗರ್ಭ ಉಳಿಯಲ್ಲ ಅಂತ ಗೊತ್ತಾದ ಮೇಲೂ, ಮಗುವಿನ ಎದೆಬಡಿತ ಇದೆ ಅಂತ ಗರ್ಭಪಾತ ಮಾಡಲಿಲ್ಲ. ಆಗಿನ ಕಾನೂನು ಹಾಗಿತ್ತು. ಆ ಸಾವಿನ ನಂತರ ಶುರುವಾದ ಹೋರಾಟ 2018ರ ಮೇ 25ರ ಜನಮತಗಣನೆವರೆಗೆ ಹೋಯಿತು. ವೋಟು ಹಾಕಿದವರಲ್ಲಿ ನೂರಕ್ಕೆ 66 ಜನ, ಗರ್ಭಪಾತಕ್ಕಿದ್ದ ತಡೆ ತೆಗೆಯುವ ಹಾಗೆ ಸಂವಿಧಾನ ಬದಲಿಸಲು ಹೌದು ಅಂದರು. ಡಬ್ಲಿನ್‌ನಲ್ಲಿ ಗೋಡೆಯ ಮೇಲೆ ಬಿಡಿಸಿದ್ದ ಸವಿತಾ ಚಿತ್ರಕ್ಕೆ ಜನ ಚೀಟಿ ಅಂಟಿಸಿ, ಹೂ ಇಟ್ಟು ಹೋದರು.

ಬಸ್ ಸ್ಟಾಪಿನ ಆ ಹೆಂಗಸು ನನ್ನ ಕೈ ಹಿಡಿದುಕೊಂಡರು. ಗುರುತಿಲ್ಲದವರ ಕೈ ಇವರು ಸುಮ್ಮಸುಮ್ಮನೆ ಹಿಡಿಯುವುದಿಲ್ಲ. “ನನ್ನ ಮಗಳು ಟೊರಾಂಟೊದಲ್ಲಿದ್ದಾಳೆ. ಆ ವೋಟು ಹಾಕಲು ಟಿಕೆಟ್ ತಗೊಂಡು ಬಂದು, ಎರಡೇ ದಿನ ಇದ್ದು ಹೋದಳು” ಅಂದರು. ಅವರ ಬಸ್ ಬಂತು. ಅವರು ಹತ್ತಲಿಲ್ಲ. ನನ್ನ ಬಸ್ ಬರುವವರೆಗೂ ನನ್ನ ಜೊತೆಗೇ ಕೂತಿದ್ದರು.

ಇದನ್ನು ದಯೆ ಅನ್ನಬೇಕೋ ಬೇರೆ ಏನೋ ಅನ್ನಬೇಕೋ, ನನಗೆ ಗೊತ್ತಿಲ್ಲ. ಮನೆಗೆ ಫೋನ್ ಮಾಡಿ ಹೇಳಿದಾಗ ಅಮ್ಮ, “ಕೈ ಹಿಡಿದರಲ್ಲ, ಸಾಕು” ಅಂದರು. ಅಪ್ಪ ಮಾತ್ರ “ಹುಡುಗಿ ಹೋದ ಮೇಲೆ ಕೈ ಹಿಡಿದರೆ ಏನು ಬಂತು” ಅಂದರು. ನಮ್ಮ ಮನೆಯಲ್ಲಿ ಇನ್ನೂ ಇದು ಇತ್ಯರ್ಥ ಆಗಿಲ್ಲ.

ಲೀ ನದಿ ಲಿಂಗಪ್ಪ
ಸೋಮವಾರ

ಇಬ್ಬರ ಮಾತೂ ಸರಿ ತಂಗಿ.

ಇವರಿಗೆ ಹಳೆಯದು ಮರೆಯುವುದಿಲ್ಲ, ಅದು ನಿಜ. ಕಾರ್ಕ್ ಪಕ್ಕ ಮಿಡಲ್ಟನ್‌ನಲ್ಲಿ ಒಂದು ಹಳೇ ಉಪಕಾರದ ನೆನಪಿಗೆ ದೊಡ್ಡ ದೊಡ್ಡ ಉಕ್ಕಿನ ಗರಿಗಳನ್ನು ಬಟ್ಟಲಿನ ಆಕಾರದಲ್ಲಿ ನಿಲ್ಲಿಸಿದ್ದಾರೆ. 1847ರಲ್ಲಿ, ಇಲ್ಲಿ ಆಲೂಗಡ್ಡೆ ಕೊಳೆತು ಜನ ಹಸಿವಿನಿಂದ ಸಾಯುತ್ತಿದ್ದಾಗ, ಅಮೆರಿಕದ ಚಾಕ್ಟಾ ಮೂಲನಿವಾಸಿಗಳು 170 ಡಾಲರ್ ಸೇರಿಸಿ ಕಳಿಸಿದ್ದರು. ಅವರನ್ನೇ ಅದಕ್ಕೆ ಸ್ವಲ್ಪ ವರ್ಷ ಮುಂಚೆ ಸ್ವಂತ ನೆಲದಿಂದ ಓಡಿಸಿದ್ದರು, ಆದರೂ ಕಳಿಸಿದರು. 2020ರಲ್ಲಿ ಕೋವಿಡ್ ಬಂದು ಅಮೆರಿಕದ ಬೇರೆ ಮೂಲನಿವಾಸಿಗಳಾದ ನವಾಹೊ, ಹೋಪಿ ಜನ ಒದ್ದಾಡುವಾಗ ಐರಿಷ್ ಜನ ಆ 170 ಡಾಲರ್ ನೆನೆದು ದುಡ್ಡು ಕಳಿಸಿದರು. ಕೊಟ್ಟವರಿಗಲ್ಲ, ಇನ್ನೊಬ್ಬರಿಗೆ. ತೀರ್ಥಹಳ್ಳಿ ತಂಗಿ, ಪಾತ್ರೆಗೆ ಏನು ಹಾಕಲಿ ಅಂತ ಕೇಳಿದೆಯಲ್ಲ, ಅದಕ್ಕೂ ಇದು ಅನ್ವಯಿಸುತ್ತದೆ.

ಮಂಡ್ಯದ ಅಪ್ಪ
ಸೋಮವಾರ ರಾತ್ರಿ

ಎಲ್ಲಾ ಓದಿದೆ. ಮಗಳು ಜನವರಿಯಲ್ಲಿ ಲಿಮೆರಿಕ್‌ಗೆ ಓದಲು ಬರುತ್ತಿದ್ದಾಳೆ. ಮೊಟ್ಟೆ ಎಸೆದ ಸುದ್ದಿ ಓದಿ ಅವರಮ್ಮ ಬೆಳಿಗ್ಗೆಯಿಂದ ಸರಿಯಾಗಿ ಊಟ ಮಾಡಿಲ್ಲ. ಕಳಿಸಬಹುದಾ? ಏನು ಹೇಳಿ ಕಳಿಸಲಿ?

ನೈಟ್ ಡ್ಯೂಟಿ ನಾಗವೇಣಿ
ಸೋಮವಾರ ರಾತ್ರಿ

ಕಳಿಸಿ ಸರ್. ಅಮ್ಮನವರಿಗೆ ಊಟ ಮಾಡೋಕೆ ಹೇಳಿ.

ಮನೆ ಕಣ್ಣಾರೆ ನೋಡದೆ, ಇಲ್ಲಿರುವ ಯಾರಾದರೂ ಹೋಗಿ ನೋಡದೆ, ಡೆಪಾಸಿಟ್ ಅಂತ ಒಂದು ರೂಪಾಯಿಯೂ ಕಳಿಸಬೇಡಿ. ಬಾಡಿಗೆ ಮೋಸ ಜಾಸ್ತಿ. ಸ್ಟಾಂಪ್ 2 (ವಿದ್ಯಾರ್ಥಿಗಳಿಗೆ ಕೊಡುವ ಅನುಮತಿ) ಮೇಲೆ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಅದನ್ನು ನಂಬಿ ಬಾಡಿಗೆ ಲೆಕ್ಕ ಹಾಕಬೇಡಿ. ಬಂದ ಮೇಲೆ ಐಆರ್‌ಪಿ ಕಾರ್ಡಿಗೆ, ಅಂದರೆ ಇಲ್ಲಿ ವಾಸಿಸುವ ಪರವಾನಗಿಗೆ, 300 ಯೂರೋ ಎತ್ತಿಡಿ. ಕೊಡೆ ಬೇಡ, ಗಾಳಿಗೆ ಒಂದೇ ದಿನಕ್ಕೆ ಉಲ್ಟಾ ಆಗುತ್ತದೆ. ಟೋಪಿ ಇರುವ ಒಳ್ಳೆ ರೇನ್‌ಕೋಟ್ ತರಲಿ. ಡಿಸೆಂಬರ್ 25ಕ್ಕೆ ಬಸ್ಸು ರೈಲು ಯಾವುದೂ ಓಡಲ್ಲ, ಆ ದಿನ ಎಲ್ಲಿರಬೇಕು ಅಂತ ಮೊದಲೇ ಗೊತ್ತು ಮಾಡಿಕೊಳ್ಳಲಿ. ನನ್ನನ್ನು ಮೊದಲ ವರ್ಷ ಕ್ಲಾಸ್‌ಮೇಟ್‌ನ ಅಮ್ಮ ಕಾರು ತಂದು ಕರೆದುಕೊಂಡು ಹೋದರು. ತಲೆಗೆ ಕಾಗದದ ಕಿರೀಟ ಹಾಕಿ ಕೂರಿಸಿ, ಮೂರು ಥರದ ಆಲೂಗಡ್ಡೆ ಬಡಿಸಿದರು.

ಕುಂದಾಪ್ರದ ಕುವರ
ಸೋಮವಾರ ರಾತ್ರಿ

ಸರ್, ಇನ್ನೆರಡು. ಬಸ್ಸಿಂದ ಇಳಿಯುವಾಗ ಡ್ರೈವರ್‌ಗೆ ಥ್ಯಾಂಕ್ಸ್ ಹೇಳಬೇಕು, ಇಲ್ಲಿ ಎಲ್ಲರೂ ಹೇಳುತ್ತಾರೆ. ಆಮೇಲೆ ಯಾರಾದರೂ ಟೀ ಕುಡೀತೀಯಾ ಅಂದರೆ ಮೊದಲ ಸಲ ಬೇಡ ಅನ್ನಬೇಕು, ಅವರು ಮತ್ತೆ ಕೇಳುತ್ತಾರೆ, ಮೂರನೇ ಸಲ ಹೂಂ ಅನ್ನಬೇಕು. ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಾ ಗೊತ್ತಿಲ್ಲ 😀

ಡಬ್ಲಿನ್ ದಾಸ
ಸೋಮವಾರ ರಾತ್ರಿ

ಸರ್, ನಾನು ಬರೆದದ್ದಕ್ಕೆ ಅಮ್ಮನವರು ಊಟ ಬಿಟ್ಟರು ಅಂದರೆ ನನಗೆ ಪಾಪ. ಕಳಿಸಿ. ಲಿಮೆರಿಕ್‌ನಲ್ಲಿ ನನ್ನ ಗೆಳೆಯ ಇದ್ದಾನೆ, ಅವನ ಹೆಂಡತಿ ಹೋಗಿ ಮನೆ ನೋಡಿ ಬರುತ್ತಾಳೆ. ಮೆಸೇಜ್ ಮಾಡಿ.

ತುಂಗೆಯ ದಡ
ಶುಕ್ರವಾರ ರಾತ್ರಿ

ಎಲ್ಲರಿಗೂ ಉತ್ತರ ಕೊಡಲು ಆಗಲಿಲ್ಲ, ಇಡೀ ವಾರ ಪ್ಯಾಕಿಂಗ್. ಲಿಂಗಪ್ಪಣ್ಣನ ಪೋಸ್ಟ್ ಮಾತ್ರ ಮೂರು ಸಲ ಓದಿದೆ.

ಪಾಯಸ ಮಾಡಿದೆ. ಕೆರ್ರಿಗೋಲ್ಡ್ ತುಪ್ಪ, ಒಂದೇ ಏಲಕ್ಕಿ, ಗೋಡಂಬಿ. ಅಡಿ ಸ್ವಲ್ಪ ಹಿಡಿಯಿತು, ಆದರೂ ಅದೇ ಪಾತ್ರೆಯಲ್ಲಿ ತೆಗೆದುಕೊಂಡು ಹೋದೆ. ಅಜ್ಜಿ ಪಾತ್ರೆ ನೋಡಿ, “ಅಯ್ಯೋ ಇದು ಎಲ್ಲಿ ಹೋಯಿತು ಅಂತ ಮಗನಿಗೆ ಬೈದುಬಿಟ್ಟಿದ್ದೆ” ಅಂದರು. ಅವನಿರುವುದು ಪರ್ತ್‌ನಲ್ಲಿ! ಆಮೇಲೆ ಟೀ ಆಯಿತು. ಎರಡು ಸಲ ಬೇಡ ಅಂದೆ.

ಒಂದು ಚಮಚ ಪಾಯಸ ಬಾಯಿಗಿಟ್ಟು ಸುಮ್ಮನೆ ಕೂತರು. ಅವರ ಅಮ್ಮ ಭಾನುವಾರ ಮಾಡುತ್ತಿದ್ದರಂತೆ, ಜಾಯಿಕಾಯಿ ತುರಿದು ಹಾಕಿ. ಅಡಿ ಹಿಡಿದದ್ದಕ್ಕೆ ಸಾರಿ ಅಂದೆ. “ಅಡಿ ಹಿಡಿದದ್ದೇ ರುಚಿ, ನಾವು ಅದಕ್ಕೆ ಜಗಳ ಆಡುತ್ತಿದ್ದೆವು” ಅಂದರು.

ನಾಳೆ ಬೆಳಿಗ್ಗೆ ಹನ್ನೊಂದರ ಬಸ್. ಈಗ ಹತ್ತು ನಿಮಿಷದ ಹಿಂದೆ ಬಾಗಿಲು ತಟ್ಟಿ, ದಾರಿಗೆ ಅಂತ ಆಪಲ್ ಟಾರ್ಟ್ ಕೊಟ್ಟು ಹೋದರು. ಅದೇ ಪಾತ್ರೆಯಲ್ಲಿ.

ಹಪ್ಪಳ ಸಂಡಿಗೆ
ಶುಕ್ರವಾರ ರಾತ್ರಿ

ಐದು ಕೆಜಿ ಬೀಡಿನ ಪಾತ್ರೆ ಹೊತ್ಕೊಂಡು ಡಬ್ಲಿನ್‌ಗಾ?

ತುಂಗೆಯ ದಡ
ಶುಕ್ರವಾರ ರಾತ್ರಿ

ಬಟ್ಟೆ ಒಂದು ಚೀಲ ಕಡಿಮೆ ಮಾಡಿದ್ದೇನೆ.